ಸಾಹೇಬರು ಕಾಯುತ್ತಿದ್ದಾರೆ

ನನ್ನ ಲ್ಯಾಪ್‌ಟಾಪು 2016ರದ್ದು. ಮಗಳು ಇಂಜಿನಿಯರಿಂಗಿಗೆ ಸೇರಿದಾಗ ಅವಳಿಗೆಂದು ಕೊಂಡದ್ದು. ಅವಳು ಓದು ಮುಗಿಸಿ ಕೆಲಸಕ್ಕೆ ಸೇರಿದಳು, ಕಂಪನಿಯವರು ಬೇರೆ ಕೊಟ್ಟರು. ಇದು ನನ್ನ ಪಾಲಿಗೆ ಬಂತು. ಮಕ್ಕಳು ಬಿಟ್ಟ ಸ್ವೆಟರು ತಾಯಂದಿರ ಮೈಮೇಲೆ ಇನ್ನೂ ಹತ್ತು ಚಳಿಗಾಲ ಕಳೆಯುವುದಿಲ್ಲವೇ, ಹಾಗೆ. ಮೂವತ್ತು ವರ್ಷ ಕನ್ನಡ ಪಾಠ ಹೇಳಿ ನಿವೃತ್ತಳಾದ ನಾನು ಈಗ ಮೈಸೂರಿನ ಮನೆಯಲ್ಲಿ ಕೂತು ಪ್ರಕಾಶಕರಿಗೆ ಕರಡು ತಿದ್ದಿಕೊಡುತ್ತೇನೆ. ಒಂದು ಪುಟ ತೆರೆಯಬೇಕು, ಓದಬೇಕು, ಅಲ್ಪಪ್ರಾಣ ಇರಬೇಕಾದ ಕಡೆ ಮಹಾಪ್ರಾಣ ನುಸುಳಿದ್ದರೆ ಕಿತ್ತುಹಾಕಬೇಕು, ಅಷ್ಟೇ ಕೆಲಸ. ರಾಕೆಟ್ಟು ಹಾರಿಸುವುದೇನೂ ಇಲ್ಲ. ಆದರೂ 2024ರ ಮಳೆಗಾಲದ ಹೊತ್ತಿಗೆ ಈ ಯಂತ್ರ ನಿದ್ದೆಯಿಂದ ಏಳುವುದಕ್ಕೇ ನಾಲ್ಕು ನಿಮಿಷ ನಲವತ್ತು ಸೆಕೆಂಡು ತೆಗೆದುಕೊಳ್ಳುತ್ತಿತ್ತು. ಗೋಡೆ ಗಡಿಯಾರ ನೋಡಿ ಲೆಕ್ಕ ಹಾಕಿದ್ದೇನೆ. ಎದ್ದ ಮೇಲೂ ಕೀಲಿ ಒತ್ತಿದ ಅಕ್ಷರ ತೆರೆಯ ಮೇಲೆ ಮೂಡುವ ಹೊತ್ತಿಗೆ, ನಾನು ಯಾವ ಪದ ತಿದ್ದಲು ಹೊರಟಿದ್ದೆ ಎಂಬುದೇ ಮರೆತುಹೋಗುತ್ತಿತ್ತು.

ನಮ್ಮ ಬಾಲ್ಯದ ಮನೆಯಲ್ಲಿ ಒಂದು ವಾಲ್ವ್ ರೇಡಿಯೋ ಇತ್ತು. ಅದರ ಕಿವಿ ತಿರುಪಿದ ಮೇಲೆ ಒಳಗಿನ ವಾಲ್ವುಗಳು ಕಾದು ಕೆಂಪಗಾಗಿ, ಅರ್ಧ ನಿಮಿಷ ಬಿಟ್ಟು ದನಿ ಬರುತ್ತಿತ್ತು. ಅದರ ಮೇಲೆ ಮನೆಯಲ್ಲಿ ಯಾರೂ ಸಿಟ್ಟು ಮಾಡಿದ್ದು ನೆನಪಿಲ್ಲ. ಕೊಂಡ ದಿನವೂ ಅರ್ಧ ನಿಮಿಷ, ಕೊಟ್ಟ ದಿನವೂ ಅರ್ಧ ನಿಮಿಷ. ಲ್ಯಾಪ್‌ಟಾಪು ಹಾಗಲ್ಲ. ಬಂದಾಗ ಚುರುಕಾಗಿತ್ತು, ಆಮೇಲೆ ಎಳೆದಾಡತೊಡಗಿತು, ಅದಕ್ಕೇ ಸಿಟ್ಟು.

ಹತ್ತಿರದ ಅಂಗಡಿಯೊಂದಕ್ಕೆ ಒಯ್ದೆ. ಅಲ್ಲಿದ್ದವರು ಮುಚ್ಚಳವನ್ನೂ ತೆರೆಯಲಿಲ್ಲ.

"ಎಷ್ಟು ವರ್ಷ ಆಯ್ತು ಮೇಡಂ?"

"ಎಂಟು."

"ಇಷ್ಟು ದಿನ ಬಂದಿದ್ದೇ ಹೆಚ್ಚು ಬಿಡಿ. ಹೊಸದು ತಗೊಳ್ಳಿ. ಇಎಂಐ ಇದೆ."

ನಾಡಿ ಹಿಡಿಯದೆ ಹುಟ್ಟಿದ ವರ್ಷ ಕೇಳಿ ಮದ್ದು ಹೇಳುವ ವೈದ್ಯರನ್ನು ನಾನು ಅದೇ ಮೊದಲು ನೋಡಿದ್ದು. ನನಗೂ ಅರವತ್ತು ದಾಟಿದೆ. ಆ ಮಾತು ಸ್ವಲ್ಪ ಚುಚ್ಚಿತು ಎಂದೇ ಇಟ್ಟುಕೊಳ್ಳಿ. ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದೆ.

ಗೌರಿ ಹಬ್ಬಕ್ಕೆ ಬೆಂಗಳೂರಿನಿಂದ ನಮ್ಮಕ್ಕನ ಮಗ ಬಂದಿದ್ದ. ಊಟ ಮುಗಿಸಿ ನನ್ನ ಲ್ಯಾಪ್‌ಟಾಪಿನ ಮುಂದೆ ಕೂತವನು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಗುಂಡಿ ಒಟ್ಟಿಗೆ ಒತ್ತಿದ. ಟಾಸ್ಕ್ ಮ್ಯಾನೇಜರ್ ಎಂಬ ಕಿಟಕಿ ತೆರೆಯಿತು. ಅದರೊಳಗೆ ನಾಲ್ಕೈದು ಸಾಲು, ಪ್ರತಿ ಸಾಲಿನ ಎದುರು ಶೇಕಡಾವಾರು ಅಂಕಿ. ಪ್ರೊಸೆಸರಿನ ಎದುರು 8, ಕೆಲವು ಸಲ 9. ಡಿಸ್ಕಿನ ಎದುರು ಕೆಂಪು ಬಣ್ಣದಲ್ಲಿ 100. ಐದು ನಿಮಿಷ ನೋಡಿದರೂ ಆ ನೂರು ಇಳಿಯಲಿಲ್ಲ.

"ನೋಡಿ ಚಿಕ್ಕಮ್ಮ, ಇದರ ಮೆದುಳಿಗೆ ಏನೂ ಆಗಿಲ್ಲ. ಮೆದುಳು ಕೆಲಸವಿಲ್ಲದೆ ಕೂತಿದೆ" ಎಂದ.

ಆಮೇಲೆ ಅವನು ಹೇಳಿದ್ದನ್ನು ನಾನು ನನ್ನ ಭಾಷೆಗೆ ತಿರುಗಿಸಿಕೊಂಡೆ. ತಾಲ್ಲೂಕು ಕಚೇರಿಯೊಂದನ್ನು ನೆನೆಸಿಕೊಳ್ಳಿ. ಒಳಗೆ ಸಾಹೇಬರು, ಅವರೇ ಪ್ರೊಸೆಸರು. ಎದುರಿಗಿರುವ ಮೇಜು, ಅದು ರ‍್ಯಾಮ್. ಹಿತ್ತಲ ಕಡೆ ರೆಕಾರ್ಡ್ ರೂಮು, ಅದೇ ಹಾರ್ಡ್ ಡಿಸ್ಕು. ಕಡತ ತಂದುಕೊಡುವ ಜವಾನ ಒಬ್ಬನೇ, ಅವನಿಗೆ ಮಂಡಿ ನೋವು. ಸಾಹೇಬರು ಎಷ್ಟೇ ಚುರುಕಾಗಿದ್ದರೂ ಕಡತ ಕೈಗೆ ಬಾರದೆ ರುಜು ಹಾಕುವುದೆಲ್ಲಿ? ಹೊರಗೆ ಬೆಂಚಿನ ಮೇಲೆ ಕೂತ ನಾವು "ಈ ಸಾಹೇಬರಿಗೆ ವಯಸ್ಸಾಯ್ತು" ಎಂದು ಗೊಣಗುತ್ತೇವೆ. ಅವರು ಪಾಪ ಪೆನ್ನಿನ ಮುಚ್ಚಳ ತೆಗೆದು ಕಾಯುತ್ತಿರುತ್ತಾರೆ.

ಎಷ್ಟು ಕಾಯುತ್ತಾರೆ ಎಂಬ ಲೆಕ್ಕ ಸ್ವಾರಸ್ಯವಾಗಿದೆ. ಹಳೆಯ ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕಿನಲ್ಲಿ ಕನ್ನಡಿಯಂತೆ ಹೊಳೆಯುವ ತಟ್ಟೆಯೊಂದು ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 90 ಸುತ್ತು. ಗ್ರಾಮಫೋನಿನ ಮುಳ್ಳಿನಂಥ ಒಂದು ತೋಳು ತಟ್ಟೆಯ ಮೇಲೆ ಒಳಗೂ ಹೊರಗೂ ಓಡಾಡುತ್ತದೆ. ತೋಳು ಸರಿಯಾದ ಗೆರೆಗೆ ಬರಲು ಸುಮಾರು 12 ಮಿಲಿಸೆಕೆಂಡು, ಬೇಕಾದ ಜಾಗ ತಿರುಗಿ ಅದರ ಕೆಳಗೆ ಬರಲು ಸರಾಸರಿ ಇನ್ನೊಂದು ಐದಾರು. ಒಟ್ಟು ಹದಿನೇಳು-ಹದಿನೆಂಟು ಮಿಲಿಸೆಕೆಂಡು ಎನ್ನಿ. ನಮಗೆ ಅದು ಕಣ್ಣು ರೆಪ್ಪೆ ಹೊಡೆಯುವುದಕ್ಕೂ ಕಡಿಮೆ. ಆದರೆ ನನ್ನ ಹಳೆಯ ಪ್ರೊಸೆಸರು ಸೆಕೆಂಡಿಗೆ 200 ಕೋಟಿ ಸಲ ಮಿಡಿಯುತ್ತದೆ. ಒಂದು ಕಡತದ ಚೂರು ಬರುವಷ್ಟರಲ್ಲಿ ಅದು ಮೂರು ಕೋಟಿಗೂ ಹೆಚ್ಚು ಮಿಡಿತ ಎಣಿಸಿರುತ್ತದೆ. ಯಂತ್ರ ಚಾಲೂ ಆಗುವಾಗ ತಟ್ಟೆಯ ಅಲ್ಲಲ್ಲಿ ಚೆದುರಿದ ಸಾವಿರಾರು ಚೂರುಗಳು ಬೇಕು, ಜವಾನ ಸೆಕೆಂಡಿಗೆ ಐವತ್ತು-ಅರವತ್ತು ತಂದಾನು. ನನ್ನ ನಾಲ್ಕು ನಿಮಿಷ ನಲವತ್ತು ಸೆಕೆಂಡು ಎಲ್ಲಿ ಹೋಗುತ್ತಿತ್ತೆಂದು ಈಗ ಗೊತ್ತಾಯಿತಲ್ಲ.

ಹಾರ್ಡ್ ಡಿಸ್ಕನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ನಮ್ಮ ರಾಜ್ಯ ಏಕೀಕರಣವಾದ 1956ರಲ್ಲೇ ಅಮೆರಿಕದ ಐಬಿಎಂ ಕಂಪನಿ ಮೊದಲ ಹಾರ್ಡ್ ಡಿಸ್ಕನ್ನು ಹೊರತಂದಿತು. ಎರಡು ಅಡಿ ಅಗಲದ 50 ತಟ್ಟೆಗಳು, ಬೀರುವಿಗಿಂತ ದೊಡ್ಡ ಪೆಟ್ಟಿಗೆ, ಒಂದು ಟನ್ನಿನಷ್ಟು ತೂಕ. ಅಷ್ಟೆಲ್ಲ ಇದ್ದೂ ಅದರಲ್ಲಿ ಹಿಡಿಸುತ್ತಿದ್ದದ್ದು 50 ಲಕ್ಷ ಅಕ್ಷರ. ಅಲ್ಲಿಂದ ಅಂಗೈಯಷ್ಟು ಡಬ್ಬಿಯಲ್ಲಿ ಒಂದು ಗ್ರಂಥಾಲಯ ಹಿಡಿಸುವ ತನಕ ಆ ತಂತ್ರಜ್ಞಾನ ಬೆಳೆಯಿತು. ಹಿಡಿಸುವುದು ಹೆಚ್ಚಾದಷ್ಟು ಹುಡುಕುವ ವೇಗ ಹೆಚ್ಚಲಿಲ್ಲ, ತೊಡಕಾದದ್ದು ಅಲ್ಲಿ. ತಟ್ಟೆ ತಿರುಗಲೇಬೇಕು, ತೋಳು ಚಲಿಸಲೇಬೇಕು.

ಇಲ್ಲಿ ನೀವು ಒಂದು ಪ್ರಶ್ನೆ ಕೇಳಬೇಕು, ನಾನೂ ಕೇಳಿದೆ: ಇದೇ ಡಿಸ್ಕು 2016ರಲ್ಲೂ ಇತ್ತಲ್ಲ, ಆಗ ಯಾಕೆ ನಿಧಾನ ಇರಲಿಲ್ಲ? ಸ್ವಲ್ಪ ಮಟ್ಟಿಗೆ ಡಿಸ್ಕೂ ಸವೆಯುತ್ತದೆ. ತಟ್ಟೆಯಲ್ಲಿ ಅಲ್ಲಲ್ಲಿ ಕೆಟ್ಟ ಜಾಗಗಳಾಗಿ, ಓದಲು ಬಾರದೆ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಆದರೆ ದೊಡ್ಡ ಕಾರಣ ಬೇರೆ. ಸಾಹೇಬರ ಮೇಲೆ ಬೀಳುವ ಅರ್ಜಿಗಳು ಹೆಚ್ಚಾಗಿವೆ. ಪ್ಯಾಸ್ಕಲ್ ಎಂಬ ಗಣಕ ಭಾಷೆ ರೂಪಿಸಿದ ಸ್ವಿಟ್ಜರ್ಲೆಂಡಿನ ನಿಕ್ಲಾಸ್ ವಿರ್ತ್ 1995ರಲ್ಲೇ ಒಂದು ಲೇಖನ ಬರೆದು ಇದನ್ನು ಹೇಳಿದರು: ಯಂತ್ರಗಳು ಚುರುಕಾಗುವುದಕ್ಕಿಂತ ಬೇಗ ತಂತ್ರಾಂಶಗಳು ಭಾರವಾಗುತ್ತಿವೆ. ಚಿಪ್ಪಿನೊಳಗಿನ ಬಿಡಿಭಾಗಗಳು ವರ್ಷ ವರ್ಷ ಇಮ್ಮಡಿಯಾಗುತ್ತವೆ ಎಂದು 1965ರಲ್ಲಿ ಗಾರ್ಡನ್ ಮೂರ್ ಬರೆದದ್ದು ಎಲ್ಲರ ಬಾಯಲ್ಲೂ ಇದೆ. ವಿರ್ತ್ ಹೇಳಿದ್ದು ಅಷ್ಟು ಪ್ರಸಿದ್ಧವಾಗಲಿಲ್ಲ. ನನ್ನಂಥವರ ಮನೆಯಲ್ಲಿ ದಿನಾ ಸಾಬೀತಾಗುವುದು ಮಾತ್ರ ವಿರ್ತ್ ಮಾತೇ. ಸಂಬಳ ಏರಿದಂತೆ ಖರ್ಚು ಅದಕ್ಕಿಂತ ಒಂದು ಕೈ ಮೇಲೇ ಏರುವುದು ಗೃಹಿಣಿಯರಿಗೆ ಹೊಸ ವಿಷಯವಲ್ಲ.

ನನ್ನ ಮೇಜು, ಅಂದರೆ ರ‍್ಯಾಮ್, ಇದ್ದದ್ದು 4 ಜಿಬಿ. ವಿಂಡೋಸೇ ಅದರಲ್ಲಿ ಅರ್ಧದಷ್ಟು ಹರಡಿಕೊಂಡು ಕೂರುತ್ತದೆ. ಬ್ರೌಸರಿನಲ್ಲಿ ಒಂದು ಟ್ಯಾಬಿನಲ್ಲಿ ನಿಘಂಟು, ಇನ್ನೊಂದರಲ್ಲಿ ಮೇಲ್, ಮತ್ತೊಂದರಲ್ಲಿ ವಾಟ್ಸಾಪು, ಯಾವಾಗಲೋ ತೆರೆದು ಮರೆತ ರೈಲ್ವೆ ಟಿಕೆಟು, ಮಾವಿನ ಉಪ್ಪಿನಕಾಯಿ. ಮೇಜು ತುಂಬಿದಾಗ ಸಾಹೇಬರು ಏನು ಮಾಡುತ್ತಾರೆ? ಸದ್ಯಕ್ಕೆ ಬೇಡದ ಕಡತವನ್ನು ವಾಪಸ್ಸು ರೆಕಾರ್ಡ್ ರೂಮಿಗೆ ಕಳಿಸುತ್ತಾರೆ, ಬೇಕಾದಾಗ ತರಿಸುತ್ತಾರೆ. ಹೊತ್ತೊಯ್ಯುವವನು ಅದೇ ಮಂಡಿ ನೋವಿನ ಜವಾನ. ಹೀಗಾಗಿ ಮೇಜು ಸಣ್ಣದಾದರೆ ಪೆಟ್ಟು ಬೀಳುವುದು ಡಿಸ್ಕಿಗೆ. ಎರಡು ಕಾಯಿಲೆ ಒಂದನ್ನೊಂದು ಸಾಕಿಕೊಳ್ಳುತ್ತವೆ.

ಹಣ ಖರ್ಚು ಮಾಡುವ ಮೊದಲು ಮಾಡಬಹುದಾದ ಕೆಲವು ಕೆಲಸಗಳಿವೆ. ಅದೇ ಟಾಸ್ಕ್ ಮ್ಯಾನೇಜರಿನಲ್ಲಿ ಸ್ಟಾರ್ಟಪ್ ಎಂಬ ವಿಭಾಗ ಇದೆ. ಯಂತ್ರ ಏಳುವಾಗ ತಾವೂ ಎದ್ದು ನಿಲ್ಲುವ ತಂತ್ರಾಂಶಗಳ ಪಟ್ಟಿ ಅದು. ನನ್ನದರಲ್ಲಿ ಹದಿನಾಲ್ಕು ಇದ್ದವು. ಮಗಳ ಕಾಲೇಜು ಕಾಲದ ಯಾವುದೋ ಹಾಡಿನ ಆ್ಯಪು, ಮೂರು ವರ್ಷದ ಹಿಂದೆ ಯಾರಿಗೋ ಕೊಟ್ಟುಬಿಟ್ಟ ಪ್ರಿಂಟರಿನ ಸಹಾಯಕ. ಹನ್ನೊಂದನ್ನು ಕೂರಿಸಿದೆವು. ಎರಡು ಆ್ಯಂಟಿವೈರಸ್ ಇದ್ದವು, ಒಂದೇ ಮನೆಗೆ ಇಬ್ಬರು ಕಾವಲುಗಾರರು, ಒಬ್ಬರನ್ನೊಬ್ಬರು ತಪಾಸಣೆ ಮಾಡಿಕೊಂಡು. ಒಂದನ್ನು ತೆಗೆದೆವು. ಇನ್ನೊಂದು ವಿಷಯ ನನಗೆ ಹೊಸದಾಗಿತ್ತು: ವಿಂಡೋಸಿನಲ್ಲಿ ಶಟ್‌ಡೌನ್ ಕೊಟ್ಟರೆ ಸಾಮಾನ್ಯವಾಗಿ ಅದು ಪೂರ್ತಿ ಮಲಗುವುದಿಲ್ಲ. ಮಾರನೆಯ ದಿನ ಬೇಗ ಏಳಲೆಂದು ತನ್ನ ಒಳಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟುಕೊಂಡು ಮಲಗುತ್ತದೆ, ನಿನ್ನೆಯ ಗೊಂದಲವೂ ಜೊತೆಗೇ ಏಳುತ್ತದೆ. ನಿಜವಾಗಿ ಹೊಸದಾಗಿ ಆರಂಭವಾಗುವುದು ರೀಸ್ಟಾರ್ಟ್ ಕೊಟ್ಟಾಗ. ಕೈಗೆ ಬಂದಾಗಿನಿಂದ ನಾನು ದಿನಾ ಶಿಸ್ತಾಗಿ ಶಟ್‌ಡೌನ್ ಮಾಡಿದ್ದೇ ಮಾಡಿದ್ದು.

ಮತ್ತೆ ಆ ರಿಫ್ರೆಶ್. ಮೌಸಿನ ಬಲಗುಂಡಿ ಒತ್ತಿ ರಿಫ್ರೆಶ್, ರಿಫ್ರೆಶ್, ರಿಫ್ರೆಶ್ ಎಂದು ಮೂರು ಸಲ ಮಾಡದೆ ಕೆಲಸ ಶುರು ಮಾಡದವರು ನಮ್ಮಲ್ಲಿ ಎಷ್ಟು ಜನ! ಕಂಪ್ಯೂಟರ್ ತರಗತಿಯಲ್ಲಿ ಯಾರೋ ಕಲಿಸಿದ್ದು, ಆಚಮನದ ಹಾಗೆ ಉಳಿದುಬಿಟ್ಟಿದೆ. ಅದರಿಂದ ಆಗುವುದಿಷ್ಟೇ: ತೆರೆಯ ಮೇಲಿನ ಚಿತ್ರಗಳನ್ನು ಅದು ಇನ್ನೊಮ್ಮೆ ಬರೆಯುತ್ತದೆ. ವೇಗ ಕೂದಲೆಳೆಯಷ್ಟೂ ಹೆಚ್ಚುವುದಿಲ್ಲ. "ಒಂದೇ ಗುಂಡಿಗೆ ನಿಮ್ಮ ಕಂಪ್ಯೂಟರು ಹತ್ತು ಪಟ್ಟು ಚುರುಕು" ಎನ್ನುವ ಕ್ಲೀನರ್, ಬೂಸ್ಟರ್ ತಂತ್ರಾಂಶಗಳ ಬಗ್ಗೆ ನನ್ನ ಅಭಿಪ್ರಾಯ ಇನ್ನೂ ಕಟುವಾಗಿದೆ. ಕಚೇರಿಯಲ್ಲಿ ಜಾಗವಿಲ್ಲ ಎಂದಾಗ ಜಾಗದ ಕೊರತೆ ಪರಿಶೀಲಿಸಲು ಇನ್ನೊಬ್ಬ ಅಧಿಕಾರಿಯನ್ನು ಕುರ್ಚಿ ಹಾಕಿ ಕೂರಿಸಿದ ಹಾಗೆ.

ಇವೆಲ್ಲ ಮಾಡಿ ನಾಲ್ಕು ನಿಮಿಷ ನಲವತ್ತು ಸೆಕೆಂಡು, ಮೂರು ನಿಮಿಷ ಹತ್ತಕ್ಕೆ ಇಳಿಯಿತು. ಜವಾನನ ಹೊರೆ ಕಡಿಮೆಯಾಯಿತು, ಮಂಡಿ ವಾಸಿಯಾಗಲಿಲ್ಲ.

ಮುಂದಿನ ಸಲ ಬರುವಾಗ ಹುಡುಗ ಬೆಂಗಳೂರಿನ ಎಸ್‌ಪಿ ರೋಡಿನಿಂದ ಎರಡು ವಸ್ತು ತಂದ. ಎಸ್‌ಪಿ ರೋಡು ಅಂದರೆ ಸಾದರ ಪಟ್ರಪ್ಪ ರಸ್ತೆ; ಟೌನ್ ಹಾಲಿನ ಹತ್ತಿರ, ಪೇಟೆಯ ಅಂಚಿಗೆ. ಒಂದು ಸ್ಕ್ರೂವಿನಿಂದ ಹಿಡಿದು ಸರ್ವರಿನ ತನಕ, ಹೊಸದರಿಂದ ಹಿಡಿದು ಐದನೇ ಕೈಗೆ ಬಂದದ್ದರ ತನಕ ಅಲ್ಲಿ ಸಿಗದ ಬಿಡಿಭಾಗವಿಲ್ಲ. ಅವನು ತಂದ ಮೊದಲನೆಯದು ಎಸ್‌ಎಸ್‌ಡಿ. ಇಸ್ಪೀಟು ಪ್ಯಾಕಿಗಿಂತ ತೆಳು, ಕೈಯಲ್ಲಿ ಹಿಡಿದರೆ ಖಾಲಿ ಡಬ್ಬಿಯೇನೋ ಅನ್ನಿಸುವಷ್ಟು ಹಗುರ. ಒಳಗೆ ತಟ್ಟೆ ಇಲ್ಲ, ತೋಳಿಲ್ಲ, ತಿರುಗುವುದು ಏನೂ ಇಲ್ಲ, ಬರೀ ಚಿಪ್ಪುಗಳು. ಜಪಾನಿನ ಫುಜಿಯೊ ಮಸುವೋಕ 1980ರ ದಶಕದಲ್ಲಿ ರೂಪಿಸಿದ ಫ್ಲ್ಯಾಶ್ ಮೆಮೊರಿ ಇದರ ಮೂಲ. ಅದರಲ್ಲಿ ಬರೆದದ್ದು ಕ್ಯಾಮರಾದ ಫ್ಲ್ಯಾಶ್ ಹೊಡೆದ ಹಾಗೆ ಒಮ್ಮೆಗೇ ಅಳಿಯುವುದನ್ನು ಕಂಡು ಅವರ ಸಹೋದ್ಯೋಗಿಯೊಬ್ಬರು ಸೂಚಿಸಿದ ಹೆಸರಂತೆ ಅದು. ಹಾರ್ಡ್ ಡಿಸ್ಕು ಹದಿನೇಳು ಮಿಲಿಸೆಕೆಂಡಿಗೆ ತರುವ ಚೂರನ್ನು ಇದು ಒಂದು ಮಿಲಿಸೆಕೆಂಡಿನ ಹತ್ತನೇ ಒಂದು ಪಾಲಿನಲ್ಲಿ ತಂದಿಡುತ್ತದೆ. ಜವಾನನ ಬದಲಿಗೆ ರೆಕಾರ್ಡ್ ರೂಮಿನ ಗೋಡೆಯನ್ನೇ ಒಡೆದು ಸಾಹೇಬರ ಪಕ್ಕಕ್ಕೆ ತಂದ ಹಾಗೆ.

ಎರಡನೆಯದು 8 ಜಿಬಿಯ ರ‍್ಯಾಮ್ ಪಟ್ಟಿ. ಇದರಲ್ಲಿ ನಾನು ಆಗಲೇ ಒಂದು ಸಲ ಮೋಸ ಹೋಗಿದ್ದೆ, ನನ್ನ ಜಾಣತನದಿಂದಲೇ. ಹುಡುಗ ತರುವ ತನಕ ಯಾಕೆ ಕಾಯಲಿ ಎಂದು ಇಲ್ಲೇ ಒಂದು ಪಟ್ಟಿ ಕೊಂಡು ತಂದೆ. ನನ್ನ ಯಂತ್ರಕ್ಕೆ ಬೇಕಾದದ್ದು ಡಿಡಿಆರ್4, ನಾನು ತಂದದ್ದು ಡಿಡಿಆರ್3. ಎರಡೂ ನೋಡಲು ಒಂದೇ ತರಹ. ಆದರೆ ಚಿನ್ನದ ಬಣ್ಣದ ಹಲ್ಲುಗಳ ಸಾಲಿನ ನಡುವೆ ಒಂದು ಸಣ್ಣ ಕಚ್ಚು ಇರುತ್ತದೆ, ಅದರ ಜಾಗ ಬೇರೆ ಬೇರೆ. ತಪ್ಪು ಪಟ್ಟಿ ಒಳಗೆ ಕೂರದಿರಲಿ ಎಂದೇ ಮಾಡಿದ ಉಪಾಯ. ಬೇಕೆಂದೇ ಹಾಗೆ ಮಾಡಿದ್ದಾರೆ ಎಂದು ತಿಳಿಯದೆ ನಾನು ಒತ್ತಿ ಕೂರಿಸಲು ನೋಡುತ್ತಿದ್ದೆ. ಪುಣ್ಯಕ್ಕೆ ಮುರಿಯಲಿಲ್ಲ.

ಬಿಚ್ಚುವ ಮೊದಲು ಅವನು ಮಾಡಿಸಿದ ಕೆಲಸ, ನನ್ನ ಕಡತಗಳನ್ನೆಲ್ಲ ಹೊರಗಿನ ಡಿಸ್ಕಿಗೆ ನಕಲು ಮಾಡಿಸಿದ್ದು. ಅರ್ಧ ದಿನ ಹಿಡಿಯಿತು. ಹಾರ್ಡ್ ಡಿಸ್ಕಿನಿಂದ ಟಕ್ ಟಕ್ ಸದ್ದು ಬರುತ್ತಿರುವವರು ಈ ಭಾಷಣ ಮುಗಿಯುವ ತನಕವೂ ಕಾಯಬೇಡಿ, ಮೊದಲು ಆ ಕೆಲಸ ಮಾಡಿ. ನನಗೇನೂ ಬೇಸರವಿಲ್ಲ.

ಆಮೇಲೆ ಊಟದ ಮೇಜಿನ ಮೇಲೆ ಹಳೆ ದುಪಟ್ಟಿ ಹಾಸಿ ಲ್ಯಾಪ್‌ಟಾಪನ್ನು ಬೋರಲು ಮಲಗಿಸಿದೆವು. ಸ್ವಿಚ್ ಆರಿಸಿ, ಚಾರ್ಜರ್ ಕಿತ್ತು, ಬ್ಯಾಟರಿ ಬೇರೆ ಮಾಡಿದ್ದಾಯಿತು. ಹನ್ನೊಂದು ಸ್ಕ್ರೂ, ಮೂರು ಅಳತೆಯವು. ಉದ್ದದ್ದನ್ನು ಗಿಡ್ಡದ ಜಾಗದಲ್ಲಿ ತಿರುಗಿಸಿದರೆ ಮೇಲಿನ ಫಲಕ ತೂತಾಗುತ್ತದಂತೆ. ನಾನು ಅಡುಗೆಮನೆಯಿಂದ ಒಗ್ಗರಣೆ ಡಬ್ಬಿ ತಂದೆ. ಏಳು ಬಟ್ಟಲು ಇರುತ್ತವಲ್ಲ, ಸಾಸಿವೆ ಜೀರಿಗೆಗಳನ್ನು ಬೇರೆ ಕಡೆ ಸುರಿದು, ಉದ್ದದ ಸ್ಕ್ರೂ ಸಾಸಿವೆ ಬಟ್ಟಲಿಗೆ, ಗಿಡ್ಡದ್ದು ಮೆಂತ್ಯದ ಬಟ್ಟಲಿಗೆ. ಬೆನ್ನಿನ ಫಲಕ ತೆಗೆದರೆ ಒಳಗಿನ ಫ್ಯಾನಿನ ಬಾಯಿಗೆ ಬೂದು ಬಣ್ಣದ ಕಂಬಳಿ ಹೊದಿಸಿದ ಹಾಗೆ ಧೂಳು. ಚಿಮಟದಿಂದ ಎಳೆದರೆ ಒಂದೇ ಪದರವಾಗಿ ಎದ್ದು ಬಂತು. ಅದರಲ್ಲಿ ಹತ್ತಿಯ ಎಳೆ, ನನ್ನ ಬಿಳಿ ಕೂದಲು, ಮಗಳ ಕಪ್ಪು ಕೂದಲು. ಹಾಸಿಗೆಯ ಮೇಲೆ ಇಟ್ಟುಕೊಂಡು ಬಳಸಿದ ಫಲ. ಗಾಳಿ ಬಾರದೆ ಪ್ರೊಸೆಸರು ನೂರು ಡಿಗ್ರಿಯ ಹತ್ತಿರ ಕಾದಾಗ ಅದು ತನ್ನನ್ನು ಉಳಿಸಿಕೊಳ್ಳಲು ತಾನೇ ಮಿಡಿತ ಇಳಿಸಿಕೊಳ್ಳುತ್ತದೆ. ಬೇಸಿಗೆಯ ಮಧ್ಯಾಹ್ನ ನನ್ನ ಲ್ಯಾಪ್‌ಟಾಪು ಇನ್ನಷ್ಟು ತೂಕಡಿಸುತ್ತಿದ್ದದ್ದು ಅದಕ್ಕೆ. ಪ್ರೊಸೆಸರಿಗೂ ಅದರ ಮೇಲಿನ ತಾಮ್ರದ ಪಟ್ಟಿಗೂ ನಡುವೆ ಬಳಿದಿದ್ದ ಲೇಪ ಒಣಗಿ ಸುಣ್ಣದ ಹಾಗೆ ಉದುರುತ್ತಿತ್ತು. ಅದನ್ನು ಒರೆಸಿ ಹೊಸದು ಬಳಿದ.

ರ‍್ಯಾಮ್ ಪಟ್ಟಿಯನ್ನು ನೆಟ್ಟಗೆ ಚುಚ್ಚುವುದಲ್ಲ. ಓರೆಯಾಗಿ ತೂರಿಸಿ ಮೆಲ್ಲಗೆ ಕೆಳಗೆ ಒತ್ತಿದರೆ ಎರಡೂ ಕಡೆಯ ಚಿಲಕ ಕ್ಲಿಕ್ ಎನ್ನುತ್ತದೆ. ಆ ಕ್ಲಿಕ್ ನಾನೇ ಮಾಡಿಸಿದ್ದು ಎಂದು ಹೇಳಿಕೊಳ್ಳಲು ಇಂದಿಗೂ ಖುಷಿ. ಹೊಸ ಎಸ್‌ಎಸ್‌ಡಿಯಲ್ಲಿ ವಿಂಡೋಸನ್ನು ಹೊಸದಾಗಿಯೇ ಹಾಕಿದ. ಸಂಜೆ ಗುಂಡಿ ಒತ್ತಿದಾಗ ಗಡಿಯಾರದ ಮುಳ್ಳು ಇಪ್ಪತ್ತೆರಡು ಸೆಕೆಂಡು ದಾಟುವಷ್ಟರಲ್ಲಿ ಯಂತ್ರ ಸಿದ್ಧವಾಗಿತ್ತು. ಎರಡೂ ಸೇರಿ ಖರ್ಚಾದದ್ದು ಐದು ಸಾವಿರದೊಳಗೆ. ಈಗ ಅಷ್ಟಕ್ಕೆ ಬರುವುದಿಲ್ಲ. ಕೃತಕ ಬುದ್ಧಿಮತ್ತೆಯ ದೊಡ್ಡ ದೊಡ್ಡ ಕೇಂದ್ರಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳುತ್ತಿರುವುದರಿಂದ 2025ರ ಕೊನೆಯ ಹೊತ್ತಿಗೆ ಬೆಲೆ ಜೋರಾಗಿಯೇ ಏರಿತು. ಆದರೆ ಹೊಸ ಲ್ಯಾಪ್‌ಟಾಪಿನ ಒಳಗಿರುವುದೂ ಅದೇ ಚಿಪ್ಪು, ಅದರ ಬೆಲೆಯೂ ಏರಿದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು.

ಕಥೆ ಇಲ್ಲಿಗೆ ಸುಖವಾಗಿ ಮುಗಿಯಬೇಕಿತ್ತು. ಒಂದು ವರ್ಷ ಸುಖವಾಗಿಯೇ ಇತ್ತು. ಆಮೇಲೆ, ನನ್ನ ಯಂತ್ರದಲ್ಲಿದ್ದ, 2015ರಲ್ಲಿ ಬಂದ ವಿಂಡೋಸ್ 10ಕ್ಕೆ ಕಂಪನಿ ಕೊಡುತ್ತಿದ್ದ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಇದರ ಅರ್ಥ ಯಂತ್ರ ಅಂದೇ ನಿಂತುಹೋಯಿತು ಎಂದಲ್ಲ. ಹೊಸದಾಗಿ ಕಳ್ಳಗಂಡಿ ಪತ್ತೆಯಾದಾಗ ಬಂದು ಮುಚ್ಚುವವರು ಇನ್ನು ಬರುವುದಿಲ್ಲ, ಅಷ್ಟೆ. ಹೆಸರು ನೋಂದಾಯಿಸಿಕೊಂಡವರಿಗೆ ಒಂದು ವರ್ಷ ವಿಸ್ತರಣೆ ಸಿಕ್ಕಿತು, 2026ರ ಅಕ್ಟೋಬರ್ 13ರ ತನಕ. ಹಾಗಾದರೆ ವಿಂಡೋಸ್ 11 ಹಾಕಿಕೊಳ್ಳಬಹುದಲ್ಲ ಎಂದರೆ, ಅದು ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಕೇಳುತ್ತದೆ, ಇಂಟೆಲ್ ಆದರೆ ಒಂದೆರಡು ಅಪವಾದ ಬಿಟ್ಟು ಎಂಟನೇ ತಲೆಮಾರಿನ ಅಥವಾ ಆಮೇಲಿನ ಪ್ರೊಸೆಸರು ಕೇಳುತ್ತದೆ. ನಿಮ್ಮದು ಯಾವುದೆಂದು ತಿಳಿಯಲು ಪ್ರೊಸೆಸರಿನ ಹೆಸರು ನೋಡಿ. ಐ3, ಐ5 ಎಂದ ಮೇಲೆ ಒಂದು ಅಡ್ಡಗೆರೆ, ಅದರ ಮುಂದಿನ ನಾಲ್ಕಂಕಿಯ ಸಂಖ್ಯೆ 8ರಿಂದ ಶುರುವಾದರೆ ಎಂಟನೇ ತಲೆಮಾರು. ನನ್ನದು 6ರಿಂದ ಶುರುವಾಗುತ್ತದೆ. ಇಪ್ಪತ್ತೆರಡು ಸೆಕೆಂಡಿನಲ್ಲಿ ಎದ್ದು ನಿಲ್ಲುವ ಆಳನ್ನು ಜಾತಕ ಕೂಡಲಿಲ್ಲವೆಂದು ವಿಂಡೋಸ್ 11 ಮನೆಗೆ ಸೇರಿಸಿಕೊಳ್ಳಲಿಲ್ಲ. ಅಂಗಡಿಯವರು ಹುಟ್ಟಿದ ವರ್ಷ ಕೇಳಿದ್ದರಲ್ಲ, ಕೊನೆಗೆ ಅವರ ಮಾತೇ ಬೇರೆ ದಾರಿಯಿಂದ ಬಂದು ಎದುರಿಗೆ ನಿಂತಿತು. ತಪಾಸಣೆ ತಪ್ಪಿಸಿ ವಿಂಡೋಸ್ 11 ತೂರಿಸುವ ಉಪಾಯಗಳಿವೆಯಂತೆ. ಬ್ಯಾಂಕಿನ ವ್ಯವಹಾರ ಮಾಡುವ ಯಂತ್ರಕ್ಕೆ ಅದು ಬೇಡವೆಂದು ನಾನು ಬಿಟ್ಟೆ.

ಉಳಿದದ್ದು ಲಿನಕ್ಸ್. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಶುರು ಮಾಡಿದ, ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ವ್ಯವಸ್ಥೆ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಇದರಲ್ಲೇ ಕಲಿಯುತ್ತಿದ್ದಾರೆ. ಹಳೆಯ ಯಂತ್ರಗಳಿಗೆ ಹಗುರವಾದ ಬಗೆಗಳು ಇದರಲ್ಲಿವೆ. ನನಗಿದ್ದ ಭಯ ಬೇರೆ: ಇಪ್ಪತ್ತು ವರ್ಷದ ನನ್ನ ಕೆಲಸವೆಲ್ಲ ಇರುವುದು ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ, ಸ್ವಲ್ಪ ಬರಹ ಎಂಬ ಇನ್ನೊಂದರಲ್ಲಿ. ಅವೆರಡೂ ಬೆಳೆದದ್ದು ವಿಂಡೋಸಿನ ನೆರಳಲ್ಲಿ. ಆ ಕಾಲದ ಫಾಂಟುಗಳು ಕನ್ನಡ ಅಕ್ಷರಗಳನ್ನು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಬಾಡಿಗೆಗೆ ಇರಿಸಿದ್ದವು. ಫಾಂಟು ಇಲ್ಲದ ಕಡೆ ಕಡತ ತೆರೆದರೆ ಕನ್ನಡ ಮಾಯವಾಗಿ, ತಲೆಯ ಮೇಲೆ ಟೋಪಿ, ಕೊರಳಿಗೆ ಬಾಲ ಇರುವ ವಿಚಿತ್ರ ಯುರೋಪಿಯನ್ ಅಕ್ಷರಗಳ ಜಾತ್ರೆ ಕಾಣುತ್ತದೆ. ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ, ಅದೂ 1991ರಲ್ಲೇ, ಕನ್ನಡಕ್ಕೆ ಸ್ವಂತ ಮನೆ ಸಿಕ್ಕಿತ್ತು. ನಾವು ಪ್ರಕಾಶನದವರು ಬಾಡಿಗೆ ಮನೆ ಬಿಡಲು ತುಂಬ ತಡ ಮಾಡಿದೆವು.

ಅದರ ದಂಡ ಈಗ ಕಟ್ಟಿದೆ. ನುಡಿಯ ಕಡತಗಳನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳಿವೆ. ಕೆಲಸ ಮಾಡುತ್ತವೆ, ಆದರೆ ನೂರಕ್ಕೆ ನೂರು ಅಲ್ಲ. ಅರ್ಕಾವೊತ್ತು ಒಂದೊಂದು ಕಡೆ ಜಾಗ ಬಿಟ್ಟು ಓಡಿರುತ್ತದೆ. ಸಂಜೆ ಒಂದೊಂದು ಪುಸ್ತಕದಂತೆ ಮೂರು ತಿಂಗಳು ಕೂತು ಬದಲಿಸಿದೆ, ಬದಲಿಸಿದ್ದನ್ನು ಓದಿ ತಿದ್ದಿದೆ. ನನ್ನದೇ ಹಳೆಯ ತಿದ್ದುಪಡಿಗಳಲ್ಲಿ ಎಷ್ಟು ತಪ್ಪು ಉಳಿದಿತ್ತು ಎಂಬುದೂ ಆಗ ಗೊತ್ತಾಯಿತು, ಅದನ್ನು ಇಲ್ಲಿ ವಿವರಿಸುವುದಿಲ್ಲ. ಟೈಪು ಮಾಡುವುದಕ್ಕೆ ಕಷ್ಟವಾಗಲಿಲ್ಲ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ, ಕನ್ನಡ ಗಣಕ ಪರಿಷತ್ತಿನ ಹೆಸರಿನಿಂದ ಕಗಪ ಎಂದು ಕರೆಯುತ್ತೇವಲ್ಲ, ಅದು ಲಿನಕ್ಸಿನೊಳಗೆ ಮೊದಲೇ ಇದೆ. ಬೆರಳುಗಳಿಗೆ ಮನೆ ಬದಲಾದದ್ದೇ ತಿಳಿಯಲಿಲ್ಲ.

ಎಲ್ಲರೂ ಹೀಗೇ ಮಾಡಿ ಎಂದು ನಾನು ಹೇಳುವುದಿಲ್ಲ. ಲೆಕ್ಕಪತ್ರದ ತಂತ್ರಾಂಶ ಬಳಸುವ ಅಂಗಡಿಯವರಿಗೆ, ಡಿಜಿಟಲ್ ಸಹಿ ಹಾಕಬೇಕಾದ ಗುತ್ತಿಗೆದಾರರಿಗೆ, ಪುಟ ವಿನ್ಯಾಸ ಮಾಡುವವರಿಗೆ ವಿಂಡೋಸ್ ಬಿಟ್ಟರೆ ಕೈಕಾಲು ಕಟ್ಟಿದಂತಾಗುತ್ತದೆ. ಅವರು ಹೊಸದು ಕೊಳ್ಳಲಿ. ಇನ್ನು ಕೆಲವು ಲ್ಯಾಪ್‌ಟಾಪುಗಳ ಹಣೆಬರಹ ಕೊಳ್ಳುವಾಗಲೇ ಬರೆದಿರುತ್ತದೆ. ಅಗ್ಗವೆಂದು ಕೊಂಡ ತೆಳ್ಳನೆಯ ಯಂತ್ರಗಳಲ್ಲಿ 32 ಜಿಬಿಯ ಸಂಗ್ರಹ, 2 ಅಥವಾ 4 ಜಿಬಿ ರ‍್ಯಾಮ್, ಎರಡನ್ನೂ ಬೆಸುಗೆ ಹಾಕಿ ಕೂರಿಸಿರುತ್ತಾರೆ. ಬಿಚ್ಚುವ ಹಾಗಿಲ್ಲ, ಸೇರಿಸುವ ಹಾಗಿಲ್ಲ. ಹೊಸದು ಕೊಳ್ಳುವಾಗ ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಅದೇ: ರ‍್ಯಾಮ್ ಮುಂದೆ ಹೆಚ್ಚಿಸಬಹುದೇ? ಬಣ್ಣ, ತೆಳುವು, ಸ್ಟಿಕರುಗಳನ್ನು ಆಮೇಲೆ ನೋಡಿ. 8 ಜಿಬಿಗೆ ಕಡಿಮೆಯದು ಬೇಡ, 16 ಆದರೆ ನೆಮ್ಮದಿ. ಯಾವ ಕಂಪನಿಯದು ಎಂದು ಕೇಳಬೇಡಿ. ಬಾನುಲಿಯಲ್ಲಿ ಕೂತು ಅದನ್ನು ಹೇಳುವ ಹಾಗಿಲ್ಲ, ಹೇಳುವ ಹಾಗಿದ್ದರೂ ಹೇಳುತ್ತಿರಲಿಲ್ಲ. ಬೆಂಗಳೂರಿನ ಕಚೇರಿಗಳು ಮೂರು-ನಾಲ್ಕು ವರ್ಷ ಬಳಸಿ ಬಿಟ್ಟ ಲ್ಯಾಪ್‌ಟಾಪುಗಳು ದುರಸ್ತಿಯಾಗಿ ಮಾರಾಟಕ್ಕೆ ಬರುತ್ತವೆ. ಗಟ್ಟಿ ಮೈಕಟ್ಟು, ಬಿಚ್ಚಿ ಕಟ್ಟಲು ಸುಲಭ. ಎಂಟನೇ ತಲೆಮಾರಿಗಿಂತ ಹಿಂದಿನದಲ್ಲ ಎಂದು ಖಾತ್ರಿ ಮಾಡಿಕೊಂಡು ಕೊಂಡರೆ ನಷ್ಟವಿಲ್ಲ.

ಒಂದು ಎಚ್ಚರಿಕೆ ಮಾತ್ರ ಜೋರಾಗಿ ಹೇಳಬೇಕು. ಲ್ಯಾಪ್‌ಟಾಪಿನ ಬೆರಳಾಡಿಸುವ ಫಲಕ ಉಬ್ಬಿ ಮೇಲೆದ್ದಿದ್ದರೆ, ತಳ ಸಮನಾಗಿ ಕೂರದೆ ತೊಟ್ಟಿಲಾಡುತ್ತಿದ್ದರೆ, ಒಳಗೆ ಬ್ಯಾಟರಿ ಊದಿಕೊಂಡಿದೆ ಎಂದರ್ಥ. ಆಗ ವೇಗದ ಮಾತೇ ಬೇಡ. ಆರಿಸಿ, ಚಾರ್ಜರ್ ಕೀಳಿ, ಚುಚ್ಚಬೇಡಿ, ಒತ್ತಬೇಡಿ, ಬಲ್ಲವರಿಂದ ತೆಗೆಸಿ. ಅದು ಬೆಂಕಿಯ ವಿಷಯ.

ಇನ್ನು ಬಿಸಾಡುವ ಮಾತು. 2022ರ ಒಂದೇ ವರ್ಷ ಜಗತ್ತಿನಲ್ಲಿ ಹುಟ್ಟಿದ ಇ-ತ್ಯಾಜ್ಯ 6.2 ಕೋಟಿ ಟನ್ನು, ಅದರಲ್ಲಿ ಲೆಕ್ಕಕ್ಕೆ ಸಿಗುವಂತೆ ಮರುಬಳಕೆಗೆ ಹೋದದ್ದು ಶೇಕಡಾ 22.3 ಎಂದು ವಿಶ್ವಸಂಸ್ಥೆಯ ವರದಿ ಹೇಳುತ್ತದೆ. ನಮ್ಮ ದೇಶದಲ್ಲಿ 2023ರ ಏಪ್ರಿಲ್ 1ರಿಂದ ಹೊಸ ನಿಯಮಗಳು ಜಾರಿಯಲ್ಲಿವೆ. ತಯಾರಿಸಿದವರೇ ಮರುಬಳಕೆಯ ಹೊಣೆ ಹೊರಬೇಕು. ಹಳೇ ಪೇಪರಿನವನ ತಕ್ಕಡಿಗೆ ಹಾಕುವ ಬದಲು ನೋಂದಾಯಿತ ಸಂಗ್ರಹ ಕೇಂದ್ರಕ್ಕೆ ಕೊಡಿ. ಕೊಡುವ ಮೊದಲು ಡಿಸ್ಕನ್ನು ತೆಗೆದಿಟ್ಟುಕೊಳ್ಳಿ, ಇಲ್ಲವೇ ಪೂರ್ತಿ ಒರೆಸಿ. ಡಿಲೀಟ್ ಒತ್ತಿದರೆ ಹೋಗುವುದು ಪರಿವಿಡಿಯಲ್ಲಿನ ಸಾಲು, ಪುಟ ಹಾಗೇ ಇರುತ್ತದೆ. ನನ್ನ ಹಳೆಯ ಹಾರ್ಡ್ ಡಿಸ್ಕನ್ನು ನಾನು ಕೊಟ್ಟಿಲ್ಲ. ಇನ್ನೂರೈವತ್ತು ರೂಪಾಯಿಯ ಒಂದು ಕವಚದೊಳಗೆ ಸೇರಿಸಿಟ್ಟಿದ್ದೇನೆ. ಅವಸರವಿಲ್ಲದ ಹಳೆಯ ಚಿತ್ರಗಳಿಗೆ ಆ ಜವಾನನೇ ಸಾಕು. ತಂತಿ ಚುಚ್ಚಿದರೆ ಈಗಲೂ ಗುಂಯ್ ಎಂದು ಎದ್ದು ನಿಲ್ಲುತ್ತಾನೆ.

ಮೊನ್ನೆ ಹುಡುಗ ಫೋನು ಮಾಡಿ, "ಹೇಗಿದೆ ಚಿಕ್ಕಮ್ಮ ನಿಮ್ಮ ಗಾಡಿ?" ಎಂದು ಕೇಳಿದ.

"ಓಡುತ್ತೆ ಕಣೋ. ಆದರೆ ತೆರೆ ಹಿಡಿದುಕೊಳ್ಳೋ ಕೀಲು ಸಡಿಲ ಆಗಿದೆ. ಮುಚ್ಚುವಾಗ ಕರ್ ಅನ್ನುತ್ತೆ."

"ಹಾಗಾದರೆ ಮುಚ್ಚಲೇಬೇಡಿ. ತೆರೆದೇ ಇಡಿ, ನಾನು ಬಂದಾಗ ನೋಡೋಣ."

ತೆರೆದೇ ಇಟ್ಟಿದ್ದೇನೆ. ಧೂಳು ಕೂರಬಾರದೆಂದು ಕೆಲಸ ಮುಗಿದ ಮೇಲೆ ಒಂದು ಬಟ್ಟೆ ಹೊದಿಸುತ್ತೇನೆ. ಪೆಟ್ಟಿಗೆಯಲ್ಲಿ ಹುಡುಕಿದಾಗ ಅಳತೆಗೆ ಸರಿಯಾಗಿ ಸಿಕ್ಕಿದ್ದು, ನಮ್ಮಮ್ಮ ಆ ವಾಲ್ವ್ ರೇಡಿಯೋಕ್ಕೆಂದು ಹಾಕಿದ್ದ ಕಸೂತಿ ಬಟ್ಟೆ. ಅಂಚಿನಲ್ಲಿ ಎರಡು ನವಿಲಿವೆ, ಒಂದರ ಕಣ್ಣು ಮಾತ್ರ ಬಿಚ್ಚಿಹೋಗಿದೆ.